ದಂಡೆಯ ಮೇಲೆ ಒಂಬತ್ತು ಜೊತೆ ಚಪ್ಪಲಿ

ನಮ್ಮ ಅವ್ವ ಈಗ ಅಡಿಗೆಮನೆಯಲ್ಲೂ ಚಪ್ಪಲಿ ಹಾಕಿಕೊಂಡೇ ಓಡಾಡುತ್ತಾಳೆ. ನೀಲಿ ಬಣ್ಣದ, ಒಳಗೆ ಮೆತ್ತನೆಯ ಹಾಸು ಇರುವ, ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ. ಹೊರಗೆ ಮೆಟ್ಟುವ ಜೋಡು ಬೇರೆ, ಇದು ಮನೆಯೊಳಗಿನದು. ಯಾವಗಲ್‌ನಂಥ ಊರಿನಲ್ಲಿ ಒಲೆಯ ಮುಂದೆ ಚಪ್ಪಲಿ ಮೆಟ್ಟಿ ರೊಟ್ಟಿ ಬಡಿಯುವುದೆಂದರೆ ಏನೆಂದು ನಿಮಗೆ ಗೊತ್ತಿದ್ದರೆ ಗೊತ್ತು. ಗೊತ್ತಿಲ್ಲದಿದ್ದರೆ ಇಷ್ಟು ತಿಳಿದುಕೊಳ್ಳಿ, ದೇವರ ಜಗಲಿಯ ಕಡೆ ಕಾಲು ಚಾಚಿ ಮಲಗುವುದಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಮನೆಗೆ ಬಂದವರು ಮೊದಲು ಅವ್ವನ ಮುಖ ನೋಡುತ್ತಾರೆ, ಆಮೇಲೆ ಕಾಲು, ಆಮೇಲೆ ನನ್ನನ್ನು. ಕಲಿತ ಮಗಳು ಮನೆ ಕೆಡಿಸಿದಳು ಎನ್ನುವ ನೋಟ ಅದು.

ಹೋದ ವಾರ ನರಗುಂದದಿಂದ ಬಂದ ಬೀಗತಿಯೊಬ್ಬರು ತಡೆಯಲಾರದೆ ಕೇಳಿಯೇಬಿಟ್ಟರು.

"ಅಲ್ರೀ ಶಾಂತವ್ವಾರ, ಒಲಿ ಮುಂದ ಚಪ್ಪಲಿ ಏನ್ರಿ?"

ಅವ್ವ ಹೆಂಚಿನ ಮೇಲಿನ ರೊಟ್ಟಿ ತಿರುವುತ್ತ ಹೇಳಿದಳು. "ಕಾಗದದಾಗ ಬರದೈತ್ರಿ. ನನ್ನ ಮಗಳು ಓದಿ ಹೇಳ್ಯಾಳ. ಪೂರಾ ಓದಿ ಹೇಳ್ಯಾಳ."

ಬೀಗತಿಗೆ ಉತ್ತರ ಸಿಕ್ಕಿತು. ಆದರೆ ಆ 'ಪೂರಾ' ಎಂಬ ಮಾತು ಬೀಗತಿಗಲ್ಲ, ಹೊರಗೆ ಪಡಸಾಲೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತ ಕುಳಿತಿದ್ದ ನನಗೆ. ನನ್ನ ಕೆಂಪು ಪೆನ್ನು ಸ್ವಲ್ಪ ಹೊತ್ತು ನಿಂತಿತು. ಹೊಳೆಯ ದಿನ ನೆನಪಾಯಿತು.

ಹೊಳೆಗೆ ಹೋಗುವ ಮೊದಲು ನನ್ನ ಉದ್ಯೋಗದ ಬಗ್ಗೆ ಎರಡು ಮಾತು ಹೇಳಬೇಕು. ರೋಣದ ಹೈಸ್ಕೂಲಿನಲ್ಲಿ ಕಲಿಸುವುದು ಸಂಬಳದ ಉದ್ಯೋಗ. ಅದಕ್ಕಿಂತ ಹಳೆಯದು ಇನ್ನೊಂದಿದೆ, ಓದಿ ಹೇಳುವುದು. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ಇದನ್ನು ಸಂದರ್ಭ ಸಿಕ್ಕಾಗಲೆಲ್ಲ ಹೇಳುತ್ತೇನೆ, ಸಿಗದಿದ್ದರೆ ಸಂದರ್ಭ ಮಾಡಿಕೊಂಡು ಹೇಳುತ್ತೇನೆ. ಯಾವಗಲ್‌ನಿಂದ ಕಾಲೇಜಿಗೆ ಮೂರು ವರ್ಷ ಬಸ್ಸಿನಲ್ಲಿ ನಿಂತೇ ಹೋಗಿ ಬಿ.ಎ. ಮುಗಿಸಿದೆ. ಇಂಗ್ಲಿಷು ಎರಡು ಸಲ ನನ್ನನ್ನು ಕೆಡವಿತು, ಮೂರನೆಯ ಸಲ ನಾನು ಅದನ್ನು ಬಿಡಲಿಲ್ಲ. ರಜೆಯಲ್ಲಿ ಮೆಣಸಿನಕಾಯಿ ಬಿಡಿಸಲು ಹೋಗುತ್ತಿದ್ದೆ. ಆ ಘಾಟು ಎಷ್ಟು ತೊಳೆದರೂ ಬೆರಳು ಬಿಡುವುದಿಲ್ಲ. ಒಮ್ಮೆ ಪರೀಕ್ಷೆಯ ಕೋಣೆಯಲ್ಲಿ ಕಣ್ಣು ಒರೆಸಿಕೊಂಡೆ, ನೀರು ಧಾರೆಯಾಗಿ ಇಳಿಯಿತು. ಮೇಲ್ವಿಚಾರಕರು ಪ್ರಶ್ನೆಪತ್ರಿಕೆ ಕಂಡು ಅಳುತ್ತಿದ್ದೇನೆಂದು ತಿಳಿದು ಸಮಾಧಾನ ಹೇಳಿದರು. ಪತ್ರಿಕೆ ಕಠಿಣವಾಗಿದ್ದದ್ದೂ ಖರೇ, ಹಾಗಾಗಿ ನಾನು ತಿದ್ದಲು ಹೋಗಲಿಲ್ಲ.

ಘಟಿಕೋತ್ಸವದ ಕರಿ ನಿಲುವಂಗಿಯ ಫೋಟೋವನ್ನು ಅವ್ವ ಇಟಗಿ ಭೀಮಾಂಬಿಕೆಯ ಫೋಟೋದ ಬಾಜೂಕೇ ತೂಗುಹಾಕಿದ್ದಾಳೆ. ದಿನಾ ಬೆಳಿಗ್ಗೆ ತಾಯಿಗೆ ಕುಂಕುಮ ಹಚ್ಚುವಾಗ ನನಗೂ ಒಂದು ಬೊಟ್ಟು. ಅವಳ ಅಂದಾಜು ಒಂದಿಷ್ಟು ಕೆಳಗೆ ಬೀಳುವುದರಿಂದ ಇಷ್ಟು ವರ್ಷಗಳಲ್ಲಿ ನನ್ನ ಮೂಗು ಪೂರ್ತಿ ಕೆಂಪಾಗಿದೆ.

ಓದಿ ಹೇಳುವ ಕೆಲಸ ಈ ಫೋಟೋಕ್ಕಿಂತ ಹಳೆಯದು. ಐದನೆಯ ಇಯತ್ತೆಯಲ್ಲಿದ್ದಾಗಲೇ ನಮ್ಮ ಓಣಿಯ ಪತ್ರಗಳೆಲ್ಲ ನನ್ನ ಕೈಗೆ ಬರುತ್ತಿದ್ದವು. ಮದುವೆಯ ಕಾರ್ಡು, ಗುಳಿಗೆಯ ಚೀಟಿ, ಬೀಜದ ಚೀಲದ ಮೇಲಿನ ಬರಹ, ಯಾವುದಾದರೂ ಸರಿ. ಓದಲು ಬಾರದವರ ನಡುವೆ ಓದಲು ಬರುವ ಹತ್ತು ವರ್ಷದ ಹುಡುಗಿಗೆ ಎಂಥ ಮರ್ಯಾದೆ ಅನ್ನುತ್ತೀರಿ! ಕಟ್ಟೆಯ ಮೇಲೆ ಜಾಗ, ಕೈಯಲ್ಲಿ ಬೆಲ್ಲ. ನಾನು ಬಾಯಿ ತೆರೆದರೆ ಎಲ್ಲರ ಬಾಯಿ ಬಂದ್.

ಈ ಮರ್ಯಾದೆಯ ಜೊತೆಗೇ ಒಂದು ಚಟ ಅಂಟಿಕೊಂಡಿತು. ಬೇಡವೆನಿಸಿದ ಸಾಲನ್ನು ನಾನು ಓದುತ್ತಿರಲಿಲ್ಲ. ಓಣಿಯ ಬಸವ್ವ ದೊಡ್ಡವ್ವನ ಗಂಡ ಗೋವಾದ ಬಂದರಿನಲ್ಲಿ ಕೆಲಸಕ್ಕಿದ್ದ. ಒಂದು ಸಲ ಅವನ ಪತ್ರ ಬಂತು. ಎಲ್ಲರೂ ಕ್ಷೇಮ, ಮಳೆ ಹೇಗಿದೆ, ಎಮ್ಮೆ ಈಯಿತೇ, ಪಂಚಮಿಗೆ ನಾನು ಬರುವುದಿಲ್ಲ, ನಿಮ್ಮ ಆರೋಗ್ಯ ನೋಡಿಕೊಳ್ಳಿರಿ. ಬಸವ್ವ ದೊಡ್ಡವ್ವ ಎದುರಿಗೆ ಕುಳಿತು ನನ್ನ ತುಟಿಯನ್ನೇ ನೋಡುತ್ತಿದ್ದಳು. ಪಂಚಮಿಯ ಸಾಲಿಗೆ ಬಂದಾಗ ನನಗೆ ಅದನ್ನು ಹೇಳುವುದಾಗಲಿಲ್ಲ. ಎಮ್ಮೆಯಿಂದ ನೇರ ಆರೋಗ್ಯಕ್ಕೆ ಹಾರಿದೆ. ದೊಡ್ಡವ್ವ ಖುಷಿಯಿಂದ ಎದ್ದು ಹೋಗಿ ಒಂದು ಡಬ್ಬಿ ಶೇಂಗಾ ಉಂಡಿ ಕಟ್ಟಿದಳು. ಎರಡು ದಿನ ಬಸ್ಸಿನ ದಾರಿ ಕಾಯ್ದಳು. ಮೂರನೆಯ ದಿನ ಆ ಉಂಡಿಗಳಲ್ಲಿ ನಾಲ್ಕು ನನಗೇ ಬಂದವು. ತಿಂದೆ. ರುಚಿಯಾಗಿದ್ದವು, ಅದನ್ನೇಕೆ ಮುಚ್ಚಿಡಲಿ.

ಬಿ.ಎ. ಆಗಿ, ಬಿ.ಎಡ್. ಆಗಿ, ನೌಕರಿ ಆಗಿ, ನನ್ನ ತಲೆಯಲ್ಲಿ ಬಿಳಿ ಕೂದಲು ಕಾಣಿಸಿಕೊಂಡರೂ ಈ ಚಟ ಹೋಗಲಿಲ್ಲ.

ಹೋದ ದೀಪಾವಳಿಯ ಮುಂದೆ ಅವ್ವನನ್ನು ಗದುಗಿನ ದವಾಖಾನೆಗೆ ಕರೆದೊಯ್ದಿದ್ದೆ. ಅವಳಿಗೆ ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷವಾಗಿತ್ತು. ಡಾಕ್ಟರು ಅವಳ ಕಣ್ಣು ಮುಚ್ಚಿಸಿ, ಮೀನಿನ ಗಾಳದ ದಾರದಂಥ ಒಂದು ಎಳೆಯಿಂದ ಅಂಗಾಲು ಮುಟ್ಟುತ್ತ, "ಮುಟ್ಟಿದ್ದು ಗೊತ್ತಾದ್ರ ಹೂಂ ಅನ್ರಿ" ಎಂದರು. ಬಲಗಾಲಿಗೆ ಅವ್ವ ನಾಲ್ಕೈದು ಸಲ ಹೂಂ ಅಂದಳು. ಎಡಗಾಲಿಗೆ ಒಮ್ಮೆಯೂ ಅನ್ನಲಿಲ್ಲ. ಅವರಿನ್ನೂ ಮುಟ್ಟಿಲ್ಲವೆಂದು ತಿಳಿದು ಸುಮ್ಮನೆ ಕಾಯುತ್ತಿದ್ದಳು. ನಾನು ಎದುರಿಗೆ ನಿಂತು ನೋಡುತ್ತಿದ್ದೆ.

ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದರು. ಮನೆಗೆ ಬಂದು ಅವ್ವನಿಗೆ ಓದಿ ಹೇಳಿದೆ. "ಸಕ್ಕರಿ ಸ್ವಲ್ಪ ಜಾಸ್ತಿ ಆಗೇತಿ. ಗುಳಗಿ ಬದಲ ಮಾಡ್ಯಾರ. ಚಪ್ಪಲಿ ಹಾಕ್ಕೊಂಡು ಅಡ್ಡಾಡು ಅಂದಾರ." ಎಡಗಾಲಿನ ಸ್ಪರ್ಶ ಹೋಗಿದೆ ಎಂಬ ಸಾಲನ್ನು ಓದಲಿಲ್ಲ. ಗಾಯವಾದರೆ ತಿಳಿಯುವುದಿಲ್ಲ, ಬರಿಗಾಲಲ್ಲಿ ಮನೆಯೊಳಗೂ ಓಡಾಡಬಾರದು, ನಿರ್ಲಕ್ಷಿಸಿದರೆ ಬೆರಳು ಇಲ್ಲವೆ ಪಾದವನ್ನೇ ಕಳೆದುಕೊಳ್ಳಬೇಕಾದೀತು ಎಂಬ ಸಾಲನ್ನೂ ಓದಲಿಲ್ಲ. ಅವ್ವ ಹೆದರುತ್ತಾಳೆ ಎಂದುಕೊಂಡೆ. ಹೆದರಿದವಳು ಯಾರೆಂದು ಈಗ ಗೊತ್ತು.

ಅವ್ವ ಚಪ್ಪಲಿಯನ್ನು ಬಾಗಿಲ ಹೊರಗೆ ಹಾಕಿಕೊಂಡಳು, ಒಳಗೆ ಬಿಟ್ಟಳು, ಹೊಲದ ಬದುವಿನಲ್ಲಿ ಕೈಯಲ್ಲಿ ಹಿಡಿದುಕೊಂಡಳು. ಓದಿದ್ದು ಇಷ್ಟೇ ಆದಮೇಲೆ ಮಾಡುವುದೂ ಅಷ್ಟೇ.

ಇನ್ನು ಹೊಳೆ. ನಮ್ಮ ಓಣಿಯ ಹೆಣ್ಣುಮಕ್ಕಳ ಸಂಘ ವರ್ಷಕ್ಕೊಮ್ಮೆ ಇಟಗಿಗೆ ಹೋಗಿ ಬರುತ್ತದೆ. ಈ ಸಲ ಅವ್ವ ಬೇರೆ ಮಾತು ತೆಗೆದಳು. "ಮಲಪ್ರಭಾ ಹೊಳಿ ಬಸ್ಸಿನ ಕಿಡಕ್ಯಾಗ ನೋಡೀನಿ. ಬ್ರಿಜ್ ದಾಟೂದರಾಗ ಮುಗದ ಹೋಕ್ಕೈತಿ. ಒಮ್ಮೆ ಅದರ ಮ್ಯಾಲ ಕುಂತು ಹೋಗಬೇಕು." ಬಾದಾಮಿ ಕಡೆ ಕೆಂಪುಕಲ್ಲಿನ ಗುಡ್ಡಗಳನ್ನು ಸೀಳಿಕೊಂಡು ಹೊಳೆ ಹಾಯುವ ಕಣಿವೆಯಲ್ಲಿ ಒಂದು ದಿನದ ಪ್ರವಾಸ ಮಾಡಿಸುವವರು ಇದ್ದಾರೆಂದು ನಾನು ಫೋನಿನಲ್ಲಿ ಕಂಡಿದ್ದೆ. ರಬ್ಬರ್ ದೋಣಿಯಲ್ಲಿ ತೇಲುವುದು, ಆಮೇಲೆ ಕಣಿವೆಯಲ್ಲಿ ನಡೆಯುವುದು, ಜೊತೆಗೆ ಗೈಡು. ಮಾತಾಡಿ ಗೊತ್ತುಮಾಡಿದೆ. ಅವರಿಂದ ಉದ್ದನೆಯ ಸಂದೇಶ ಬಂತು, ಅದೂ ಇಂಗ್ಲಿಷಿನಲ್ಲೇ.

ಸಂಘದ ಮುಂದೆ ಅದನ್ನು ಓದಿ ಹೇಳುವ ಗೌರವ ಯಾರದು? ಬಳೆ ಅಂಗಡಿಯ ಮಾಬುಬಿ ಚಿಗವ್ವನ ಕಟ್ಟೆಯ ಮೇಲೆ ಎಂಟು ಜನ ಕುಳಿತರು, ನಾನು ನಿಂತೆ. ಎಷ್ಟಕ್ಕೆ ಹೊರಡುವುದು, ಬುತ್ತಿ ನಾವೇ ತರುವುದು, ತೇಲುವ ಜಾಕೀಟು ಅವರು ಕೊಡುವುದು, ಎಲ್ಲ ಓದಿದೆ. ದಪ್ಪ ಅಕ್ಷರದಲ್ಲಿ ಒಂದು ಸಾಲಿತ್ತು. ಹಿಂದೆ ಪಟ್ಟಿ ಇರುವ ಪಾದರಕ್ಷೆ ಕಡ್ಡಾಯ, ನೀರಿನಲ್ಲೂ ತೆಗೆಯುವಂತಿಲ್ಲ, ದೋಣಿ ಹೊರಟ ಜಾಗಕ್ಕೆ ಮರಳುವುದಿಲ್ಲ, ಕೊನೆಗೆ ಬಂಡೆಗಳ ಮೇಲೆ ಎರಡು ತಾಸು ನಡಿಗೆ.

ನಾನು ತಲೆ ಎತ್ತಿ ನೋಡಿದರೆ ಎದುರಿಗೆ ಬಸವ್ವ ದೊಡ್ಡವ್ವ. ಹೊಳೆಯೆಂದರೆ ಅವಳಿಗೆ ಗಂಗವ್ವ. ಬೆಣ್ಣೆಹಳ್ಳದಲ್ಲಿ ಮೊಣಕಾಲುದ್ದ ನೀರಿದ್ದರೂ ಚಪ್ಪಲಿ ಬಿಟ್ಟು, ಕೈಮುಗಿದು, ತಲೆಗೆ ನೀರು ಚಿಮುಕಿಸಿಕೊಂಡೇ ಇಳಿಯುವವಳು. ಚಪ್ಪಲಿ ಮೆಟ್ಟಿ ನೀರಿಗಿಳಿಯಬೇಕೆಂದರೆ ಅವಳು ಬರುವುದಿಲ್ಲ. ಅವಳು ಬರದಿದ್ದರೆ ಯಾರೂ ಬರುವುದಿಲ್ಲ. ಅವ್ವ ಆಗಲೇ ಎರಡು ದಿನದಿಂದ ಶೇಂಗಾ ಹುರಿದು ಚಟ್ನಿ ಕುಟ್ಟುತ್ತಿದ್ದಳು.

"ಕಡೀಕ ಒಂದೀಟು ನಡೀಬೇಕಂತ" ಎಂದು ಮುಗಿಸಿದೆ. ಹೇಳುವುದಿದ್ದರೆ ಗೈಡು ಹೇಳಲಿ, ನನಗೇಕೆ ಈ ಉಸಾಬರಿ ಎಂದುಕೊಂಡೆ.

ಕಡಲೆ ಹೂ ಬಿಡುವ ಕಾಲ. ಬೆಳಿಗ್ಗೆ ಟೆಂಪೋದಲ್ಲಿ ಹೊರಟೆವು. ನಮ್ಮ ಕರಿ ಎರೆ ಹೊಲ ಮುಗಿದು ಕೆಂಪು ಕಲ್ಲು ಶುರುವಾಗುವ ಹೊತ್ತಿಗೆ ದಂಡೆ ಮುಟ್ಟಿದೆವು. ಗೈಡು ಸುಮಾರು ನಲವತ್ತರ ಮನುಷ್ಯ, ಅಲ್ಲೇ ಹೊಳೆದಂಡೆಯ ಊರಿನವನು. ಹೆಸರು ಕೇಳಿದೆವು.

"ಯಮನಪ್ಪ ಅಂತರಿ."

ಮಾಬುಬಿ ಚಿಗವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನೀರಾಗ ಕರ್ಕೊಂಡ ಹೋಗಾಂವಗ ಬ್ಯಾರೆ ಹೆಸರು ಸಿಗಲಿಲ್ಲೇನಪಾ ನಿಮ್ಮಪ್ಪಗ?"

"ಇಪ್ಪತ್ತ ವರ್ಷ ಆತ್ರಿ ಚಿಗವ್ವಾರ, ಹೋದವ್ರನ್ನೆಲ್ಲಾ ತಿರಗಿ ಕಳಿಸೀನಿ" ಎಂದ ಯಮನಪ್ಪ. ಈ ಪ್ರಶ್ನೆ ಅವನಿಗೆ ಹೊಸದಲ್ಲವೆಂದು ಕಂಡಿತು.

ಟೆಂಪೋ ನಮ್ಮನ್ನು ಇಳಿಸಿ, ರಸ್ತೆಯಲ್ಲಿ ಸುತ್ತುಹಾಕಿ ಕಣಿವೆಯ ಆಚೆ ತುದಿಗೆ ಹೋಯಿತು. ಯಮನಪ್ಪನೂ ಅವನ ಜೊತೆಯ ಇನ್ನೊಬ್ಬ ಗೈಡೂ ನೀರಿನಲ್ಲಿ ನಿಂತು ಎರಡು ದೋಣಿಗೆ ಗಾಳಿ ತುಂಬುತ್ತಿದ್ದರು. ನಾವು ಕಿತ್ತಳೆ ಬಣ್ಣದ ಜಾಕೀಟು ಹಾಕಿಕೊಂಡೆವು. ಕಚ್ಚೆ ಹಾಕಿದ ಇಳಕಲ್ ಸೀರೆಯ ಮೇಲೆ ಜಾಕೀಟು ಬಿಗಿದ ಬಸವ್ವ ದೊಡ್ಡವ್ವನನ್ನು ನೋಡಿ ಮಾಬುಬಿ ಚಿಗವ್ವ, "ಗ್ಯಾಸಿನ ಸಿಲಿಂಡರ್‌ಗೆ ಸೀರಿ ಉಡಿಸಿದಂಗ ಕಾಣ್ತಿ ನೋಡಕ್ಕಾ" ಎಂದಳು. ದೊಡ್ಡವ್ವ ನಗಲಿಲ್ಲ. ಅವಳ ಗಮನ ನೀರಿನ ಮೇಲಿತ್ತು. ಬೇವಿನ ಗಿಡದ ಬುಡಕ್ಕೆ ಹೋಗಿ ಚಪ್ಪಲಿ ಬಿಟ್ಟಳು, ಕೈಮುಗಿದಳು, ತಿರುಗಿ ನಮ್ಮನ್ನು ನೋಡಿದಳು. ಅಷ್ಟೇ. ಒಬ್ಬರ ಹಿಂದೆ ಒಬ್ಬರು ಬಿಟ್ಟರು. ಮಾಬುಬಿ ಚಿಗವ್ವ ಬಿಟ್ಟಳು. ಅವ್ವ ಬಿಟ್ಟಳು.

ಆಗ ಹೇಳಬೇಕಿತ್ತು. ಬಾಯಿಗೆ ಬಂದದ್ದನ್ನು ನುಂಗಿದೆ. ಅವ್ವನಿಗೆ ಚಪ್ಪಲಿ ಬಿಡಬೇಡ ಎಂದರೆ ಯಾಕೆ ಎನ್ನುತ್ತಾಳೆ, ಯಾಕೆ ಎಂದರೆ ದವಾಖಾನೆಯ ಸಾಲು ಹೊರಗೆ ಬರುತ್ತದೆ. ನಾನೂ ಹೊಸ ಬೂಟಿನ ಲೇಸು ಬಿಚ್ಚಿದೆ. ಬಿಚ್ಚಿ, ದೊಡ್ಡವ್ವನ ಕಣ್ಣಿಗೆ ಬೀಳುವಂತೆ ಸಾಲಿನಲ್ಲಿಟ್ಟೆ. ಆಮೇಲೆ ಅವಳು ದೋಣಿಯ ಕಡೆ ತಿರುಗಿದಾಗ ಅವನ್ನೆತ್ತಿ ಗೈಡುಗಳು ದೋಣಿಯ ಸಾಮಾನು ಇಟ್ಟಿದ್ದ ಮುಚ್ಚಳದ ಡಬ್ಬದಲ್ಲಿ ತುರುಕಿದೆ. ಹೊಸವು, ನಾಯಿ ಎಳೆದುಕೊಂಡು ಹೋದೀತು ಎಂಬ ಹೆದರಿಕೆ ಅಷ್ಟೇ. ನಾನು ಬಹಳ ಮುಂದಾಲೋಚನೆ ಮಾಡಿದೆನೆಂದು ಯಾರೂ ತಿಳಿಯಬೇಕಾಗಿಲ್ಲ. ಹಾಗಾಗಿ ದಂಡೆಯಲ್ಲಿ ಉಳಿದದ್ದು ಖರೇ ಅಂದರೆ ಎಂಟೇ ಜೊತೆ, ಆದರೆ ಆ ದಿನದ ಕತೆ ಹೇಳುವಾಗ ದೊಡ್ಡವ್ವ ಈಗಲೂ ಒಂಬತ್ತು ಎನ್ನುತ್ತಾಳೆ. ನನ್ನನ್ನು ಬಿಟ್ಟು ಎಣಿಸುವುದು ಅವಳಿಗೆ ಒಪ್ಪಿಗೆಯಿಲ್ಲ.

ಯಮನಪ್ಪ ಜಾಕೀಟಿನ ಪಟ್ಟಿಗಳನ್ನು ಒಂದೊಂದಾಗಿ ಎಳೆದು ನೋಡಿದ. ಕಾಲು ನೋಡಲಿಲ್ಲ, ಕೆಸರು ನೀರಿನಲ್ಲಿ ಮೊಣಕಾಲು ಮಟ ನಿಂತವರ ಕಾಲು ಅವನಿಗೆ ಕಾಣುವುದಾದರೂ ಹೇಗೆ.

ದೋಣಿ ಹೊರಟಿತು. ಮೊದಲ ಅರ್ಧ ತಾಸು ಎಲ್ಲರೂ ದೋಣಿಯ ಹಗ್ಗ ಹಿಡಿದೇ ಕುಳಿತಿದ್ದರು. ಆಮೇಲೆ ಎರಡೂ ಕಡೆ ಗೋಡೆಗಳು ಎದ್ದವು. ನರಗುಂದದ ಗುಡ್ಡ ನಾವು ದಿನಾ ನೋಡುವವರು. ಆದರೆ ಗುಡ್ಡವನ್ನು ಕೆಳಗಿನಿಂದ, ಅದರ ಹೊಟ್ಟೆಯೊಳಗೆ ಕುಳಿತು ನೋಡಿದ್ದಿಲ್ಲ. ಕೆಂಪುಕಲ್ಲು ರೊಟ್ಟಿ ಪೇರಿಸಿಟ್ಟಂತೆ ಒಂದರ ಮೇಲೊಂದು ಪದರ. ಹೋದ ಮಳೆಗಾಲದ ಮಹಾಪೂರ ಎಲ್ಲಿಯವರೆಗೆ ಏರಿತ್ತೆಂದು ಯಮನಪ್ಪ ತೋರಿಸಿದ. ನಮ್ಮ ತಲೆಯಿಂದ ಮೂರಾಳು ಎತ್ತರದ ಕೊರಕಲಿನಲ್ಲಿ ಯಾರದೋ ಹೊಲದ ಮೇವಿನ ದಂಟು ಸಿಕ್ಕಿಕೊಂಡು ಒಣಗಿತ್ತು. ಅದನ್ನು ನೋಡಿದ ಮೇಲೆ ಹಗ್ಗ ಹಿಡಿದ ಕೈಗಳು ಇನ್ನಷ್ಟು ಬಿಗಿಯಾದವು.

ನೀರು ನಿಂತಂತಿರುವ ಒಂದು ಮಡುವಿನಲ್ಲಿ ಯಮನಪ್ಪ ದೋಣಿ ನಿಲ್ಲಿಸಿದ. "ಯಾರ ತೇಲತೀರಿ? ಜಾಕೀಟ ಮುಳಗಾಕ ಬಿಡಂಗಿಲ್ಲ, ಹಗ್ಗ ನನ್ನ ಕೈಯಾಗ ಇರತೈತಿ."

ಯಾರೂ ಮಿಸುಕಲಿಲ್ಲ. ನಾನು ಕಲಿತವಳು, ಧೈರ್ಯ ತೋರಿಸಬೇಕಾದವಳು, ನೀರಿನ ಬಣ್ಣ ಪರೀಕ್ಷಿಸುತ್ತ ಕುಳಿತೆ. ಅವ್ವ ಸೆರಗು ಬಿಗಿದು, "ನಾ" ಎಂದು ಇಳಿದೇಬಿಟ್ಟಳು.

ಅರವತ್ತೆರಡು ವರ್ಷದ ಮುದುಕಿ ಮಲಪ್ರಭೆಯ ಮೇಲೆ ಅಂಗಾತ ಮಲಗಿದ್ದಳು. ಸೀರೆ ಸುತ್ತಲೂ ಅರಳಿತ್ತು. ಕೈ ಎರಡೂ ಕಡೆ ಬಿಟ್ಟು, ಎರಡು ಗೋಡೆಗಳ ನಡುವಿನ ಓಣಿಯಂಥ ಆಕಾಶ ನೋಡುತ್ತಿದ್ದಳು. ಅವ್ವ ಹೀಗೆ ಏನೂ ಮಾಡದೆ ಮಲಗಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

"ಹ್ಯಾಂಗ ಅನಸ್ತೈತಿ ಬೇ?" ಬಸವ್ವ ದೊಡ್ಡವ್ವ ದೋಣಿಯಿಂದಲೇ ಕೇಳಿದಳು.

"ಹಗುರ ಅನಸ್ತೈತಿ. ಎಡಗಾಲು ಐತೋ ಇಲ್ಲೋ ಅನ್ನೂದ ಗೊತ್ತಾಗವಲ್ದು" ಎಂದು ಅವ್ವ ನಕ್ಕಳು.

ಎಲ್ಲರೂ ನಕ್ಕರು. ನನಗೆ ದವಾಖಾನೆಯ ದಾರದ ಎಳೆ ಕಣ್ಣಮುಂದೆ ಬಂತು.

ಮಧ್ಯಾಹ್ನ ಒಂದು ಉಸುಕಿನ ದಿಬ್ಬದಲ್ಲಿ ದೋಣಿ ದಂಡೆಗೆ ಎಳೆದರು. ರೊಟ್ಟಿ, ಎಣ್ಣೆಗಾಯಿ, ಚಟ್ನಿ, ಮೊಸರು ಎಲ್ಲ ತೀರಿತು. ಯಮನಪ್ಪ ಕೈ ತೊಳೆದು, "ಇನ್ನ ನಡಿಯೂದ್ರಿ ಅವ್ವಾರ. ಮುಂದ ಬಂಡಿಗಲ್ಲು, ದೋಣಿ ಹೋಗಂಗಿಲ್ಲ" ಎಂದು ತಿರುಗಿ, ಒಣ ಉಸುಕಿನ ಮೇಲೆ ನಿಂತ ನಮ್ಮನ್ನು ಮೊದಲ ಸಲ ಪೂರ್ತಿ ನೋಡಿದ. ಅವನ ಕಣ್ಣು ಕೆಳಗಿಳಿಯಿತು. ಒಂಬತ್ತು ಜನ, ಹದಿನೆಂಟು ಬರಿಗಾಲು.

"ಚಪ್ಪಲಿ ಎಲ್ರೀ?"

"ಅಲ್ಲೇ ಬೇವಿನ ಗಿಡದ ಬುಡಕ ಬಿಟ್ಟೀವಪಾ" ಬಸವ್ವ ದೊಡ್ಡವ್ವ ಹೇಳಿದಳು, "ತಿರಗಿ ಬರ್ತೀವಲ್ಲ, ಆವಾಗ ಹಾಕ್ಕೋತೀವಿ."

"ತಿರಗಿ ಎಲ್ಲಿ ಬರೂದ್ರಿ ಯಮ್ಮಾ? ಹೊಳಿ ಒಂದ ಕಡೆ ಹರೀತೈತಿ." ಅವನು ಹಣೆಗೆ ಕೈ ಹಚ್ಚಿದ. "ಮೆಸೇಜಿನ್ಯಾಗ ದಪ್ಪ ಅಕ್ಷರದಾಗ ಹಾಕಿದ್ವಿ. ಯಾರೂ ಓದಲಿಲ್ಲೇನ್ರಿ?"

ಎಂಟು ತಲೆಗಳು ನನ್ನ ಕಡೆ ತಿರುಗಿದವು. ತರಗತಿಯಲ್ಲಿ ನಲವತ್ತು ತಲೆಗಳು ದಿನಾ ನನ್ನ ಕಡೆ ತಿರುಗುತ್ತವೆ, ನನಗೆ ರೂಢಿ. ಆದರೆ ಈ ಎಂಟು ಬೇರೆ.

"ಓದೀನಿ" ಎಂದೆ. "ಹೇಳಲಿಲ್ಲ. ದೊಡ್ಡವ್ವ ಬರಂಗಿಲ್ಲ ಅಂತಾಳ ಅಂತ."

ದೊಡ್ಡವ್ವ ನನ್ನನ್ನು ನೋಡಿದಳು. ಅವ್ವನೇ ಮಾತು ಮುಗಿಸಿದಳು. "ಹೋಗಲಿ ಬಿಡ್ರಿ. ಹುಟ್ಟಾ ಹೊಲದಾಗ ಬರಿಗಾಲ್ಲೇ ನಡದೀವಿ. ಇದೇನ ದೊಡ್ಡದು." ಹೇಳಿ, ಮೊದಲ ಬಂಡೆಯ ಮೇಲೆ ಎಡಗಾಲು ಇಟ್ಟಳು. ಬಿಸಿಲಿಗೆ ಕಾದ ಕಲ್ಲು. ಅವಳ ಹಿಂದೆ ಹೆಜ್ಜೆಯಿಟ್ಟ ಮಾಬುಬಿ ಚಿಗವ್ವ, "ಯವ್ವಾ, ಹೆಂಚ ಕಾದಂಗ ಕಾದೈತಿ" ಎಂದು ಹಾರಿ ಹಿಂದೆ ಬಂದಳು. ಅವ್ವ ಆ ಕಲ್ಲಿನ ಮೇಲೆ ಆರಾಮ ನಿಂತಿದ್ದಳು. ಬಂಡೆಗಳ ಸಂದಿಯಲ್ಲೆಲ್ಲ ಪೂರದ ನೀರು ತಂದು ಒಟ್ಟಿದ ಜಾಲಿಮುಳ್ಳು.

"ಅವ್ವಾ, ಕೆಳಗ ಇಳಿ" ಎಂದೆ. ದನಿ ನನ್ನದಲ್ಲವೆನಿಸುವಷ್ಟು ಜೋರಾಗಿ ಬಂತು. "ದವಾಖಾನಿ ಕಾಗದ ನಾ ಪೂರಾ ಓದಿರಲಿಲ್ಲ."

ನೀರು ಹೋಗದ ಚೀಲದಿಂದ ಫೋನು ತೆಗೆದೆ. ಚೀಟಿಯ ಫೋಟೋ ಅದರಲ್ಲಿತ್ತು. ಮಲಪ್ರಭೆಯ ಕಣಿವೆಯಲ್ಲಿ, ಉಸುಕಿನ ದಿಬ್ಬದ ಮೇಲೆ, ಎಂಟು ಹೆಂಗಸರು ಮತ್ತು ಇಬ್ಬರು ಗೈಡುಗಳ ಎದುರಿಗೆ, ಒಂದೊಂದೇ ಸಾಲು ಕನ್ನಡ ಮಾಡುತ್ತ ಓದಿದೆ. ಎಡಗಾಲಿನ ಸ್ಪರ್ಶದ ಸಾಲು. ಬರಿಗಾಲಿನ ಸಾಲು. ಪಾದದ ಸಾಲು. ಗೋಡೆಗಳು ನನ್ನ ದನಿಯನ್ನು ತಿರುಗಿ ಹೇಳುತ್ತಿದ್ದುದರಿಂದ ಪ್ರತಿಯೊಂದೂ ಎರಡು ಸಲ ಕೇಳಿಸಿತು.

ಅವ್ವ ಬಂಡೆಯಿಂದ ಇಳಿದು ಉಸುಕಿನ ಮೇಲೆ ಕುಳಿತಳು. ಎಡಗಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಅಂಗಾಲು ನೋಡಿದಳು. ಬೆರಳಿನಿಂದ ಒತ್ತಿದಳು. ಇನ್ನೊಮ್ಮೆ ಒತ್ತಿದಳು.

"ಯಾಕ ಹೇಳಲಿಲ್ಲ?"

"ನೀ ಹೆದರತಿ ಅಂತ."

"ಹೆದರೂದು ಬಿಡೂದು ನನ್ನ ಕೆಲಸ. ಓದೂದು ನಿಂದು." ಅಷ್ಟೇ ಅಂದಳು. ಬೈದಿದ್ದರೆ ಚಲೋ ಇತ್ತು.

ಮೊದಲು ನನ್ನ ಬೂಟು ಡಬ್ಬದಿಂದ ಹೊರಗೆ ಬಂದವು. ದೊಡ್ಡವ್ವ ಅವನ್ನು ಕಂಡು "ಹೂಂ" ಎಂದಳು, ಆ ಹೂಂ ನನಗೆ ಸಾಕಾಯಿತು. ಅವ್ವನ ಪಾದ ಅದರಲ್ಲಿ ಅರ್ಧಕ್ಕೇ ನಿಂತಿತು. ನನ್ನದು ಐದು ನಂಬರು. ಕಳೆ ತೆಗೆದು, ನೀರು ಹೊತ್ತು ಹರಡಿದ ಪಾದ ಅವಳದು. ನನ್ನ ಪಾದ ಇಷ್ಟು ಸಣ್ಣಗೆ ಉಳಿದದ್ದು ಅವಳದು ಅಷ್ಟು ಅಗಲವಾದದ್ದಕ್ಕೆ. ಯಮನಪ್ಪ ತನ್ನ ಬೂಟು ಬಿಚ್ಚಿ ಕೊಟ್ಟ, ಅದು ದೋಣಿಯಷ್ಟಿತ್ತು. ಎರಡು ಹೆಜ್ಜೆಗೆ ಹಿಮ್ಮಡಿ ಜಾರಿ ಅವ್ವ ಬೀಳುವಂತಾದಳು.

ಆಗ ಬಸವ್ವ ದೊಡ್ಡವ್ವ ಎದ್ದಳು. ಬುತ್ತಿ ಕಟ್ಟಿದ ಅರಿವೆಗಳನ್ನೆಲ್ಲ ಈಚೆ ಕೊಡಿರೆಂದಳು. ಅವಳು ನಲವತ್ತು ವರ್ಷ ತಲೆಯ ಮೇಲೆ ಎರಡೆರಡು ಕೊಡ ಹೊತ್ತವಳು. ಕೊಡದ ಕೆಳಗೆ ಇಡುವ ಸಿಂಬಿಯನ್ನು ಅವಳಂತೆ ಸುತ್ತುವವರು ಊರಲ್ಲಿಲ್ಲ. ಅರಿವೆಯನ್ನು ಹುರಿ ಮಾಡಿ, ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸಿ, ಮೊಣಕಾಲಿನಿಂದ ಒತ್ತಿ ಚಪ್ಪಟೆ ಮಾಡಿದಳು. ಹಿಮ್ಮಡಿಗೊಂದು ಸಿಂಬಿ, ಮುಂಗಾಲಿಗೊಂದು.

"ಮುಳ್ಳು ಇದನ್ನೂ ದಾಟಿ ಬರತಾವ್ರಿ" ಎಂದು ಯಮನಪ್ಪ ದೋಣಿಗೆ ತೇಪೆ ಹಾಕುವ ದಪ್ಪ ರಬ್ಬರಿನ ತುಂಡು ತಂದು ಅವ್ವನ ಪಾದದ ಅಳತೆಗೆ ಕತ್ತರಿಸಿದ. ಕೆಳಗೆ ರಬ್ಬರು, ಅದರ ಮೇಲೆ ಸಿಂಬಿ, ಅದರ ಮೇಲೆ ಪಾದ, ಎಲ್ಲವನ್ನೂ ಸೇರಿಸಿ ಮೇಲೆ ಟವೆಲ್ಲಿನ ಪಟ್ಟಿ. ಎರಡೂ ಕಾಲಿಗೆ.

ದೊಡ್ಡವ್ವ ಗಂಟು ಬಿಗಿಯುತ್ತ, ತಲೆ ಎತ್ತದೆ ನನಗೆ ಹೇಳಿದಳು. "ಪಂಚಮಿಗೆ ಬರಂಗಿಲ್ಲ ಅಂತ ಬರದಿದ್ದ ನಿಮ್ಮ ದೊಡ್ಡಪ್ಪ. ಊರಿಗೆ ಬಂದಾಗ ಹೇಳಿದ."

ಮೂವತ್ತು ವರ್ಷ. "ಮತ್ತ ನನಗ್ಯಾಕ ಏನೂ ಅನ್ನಲಿಲ್ಲ ದೊಡ್ಡವ್ವ?"

"ಸಣ್ಣಾಕಿ ಇದ್ದಿ. ಈಗ ಇಲ್ಲ." ಗಂಟು ಎಳೆದಳು. "ಚಪ್ಪಲಿದೂ ನಿಮ್ಮವ್ವನ ಕಾಲಿಂದೂ ಎರಡೂ ಓದಿ ಹೇಳಿದ್ದರ ಗಂಗವ್ವಗ ಕೈಮುಗದು ಕೇಳಿ ಇಳೀತಿದ್ದೆ ಬೇ. 'ಯವ್ವಾ, ಕಾಲು ಚಲೋ ಇಲ್ದ ಮಗಳು ಅದಾಳ, ಹೊಟ್ಟ್ಯಾಗ ಹಾಕ್ಕೋ' ಅಂತ. ಆಕಿ ನಿಮ್ಮ ಇಂಗ್ಲೀಷಿನಷ್ಟು ಬಿರುಸಿಲ್ಲ."

ನನ್ನ ಬೂಟು ಕಡೆಗೆ ಮಾಬುಬಿ ಚಿಗವ್ವನ ಪಾಲಾದವು, ಆ ಗುಂಪಿನಲ್ಲಿ ಸಣ್ಣ ಪಾದ ಅವಳದೊಂದೇ. ಲೇಸು ಕಟ್ಟಿಸಿಕೊಂಡು, "ಬಿ.ಎ. ಕಾಲಾಗ ಬಂತು ನೋಡ್ರಿ" ಎಂದು ಎಲ್ಲರ ಮುಂದೆ ಹೊರಟಳು. ಯಮನಪ್ಪ ಕೋಲಿನಿಂದ ಮುಳ್ಳು ಸರಿಸುತ್ತ, ನೆರಳಿದ್ದ ಗೋಡೆಯ ಬದಿಯಲ್ಲೇ ದಾರಿ ಹಿಡಿದ. ಎರಡು ತಾಸಿನ ದಾರಿಗೆ ನಾಲ್ಕು ತಾಸು ಹಿಡಿಯಿತು. ಅವ್ವನ ಒಂದು ಕೈ ದೊಡ್ಡವ್ವನ ಹೆಗಲ ಮೇಲೆ, ಒಂದು ನನ್ನ ಹೆಗಲ ಮೇಲೆ. ನಾನು ಬರಿಗಾಲಿನಲ್ಲಿದ್ದೆ. ಎಷ್ಟೋ ವರ್ಷದ ಮೇಲೆ ಬರಿಗಾಲಲ್ಲಿ ನಡೆದೆ. ಪ್ರತಿ ಹರಳೂ ತನ್ನ ಹೆಸರು ಹೇಳಿಯೇ ಮುಂದೆ ಬಿಟ್ಟಿತು. ಕಣಿವೆ ಹೇಗಿತ್ತೆಂದು ಕೇಳಿದರೆ ಅರ್ಧದಿಂದ ಮುಂದೆ ನನಗೆ ಗೊತ್ತಿಲ್ಲ. ನಾನು ನೋಡಿದ್ದು ಅವ್ವನ ಎರಡು ಪಾದ ಮಾತ್ರ.

ಸಂಜೆ ಟೆಂಪೋದ ಹತ್ತಿರ ಕುಳಿತು ಗಂಟು ಬಿಚ್ಚಿದೆವು. ಎಡಗಾಲಿನ ರಬ್ಬರಿಗೆ ಒಂದು ಜಾಲಿಮುಳ್ಳು ಹೊಕ್ಕಿತ್ತು. ರಬ್ಬರು ದಾಟಿ, ಸಿಂಬಿಯೊಳಗೂ ಹೊಕ್ಕು, ಹುರಿಯ ಕೊನೆಯ ಸುತ್ತಿನಲ್ಲಿ ನಿಂತಿತ್ತು. ದೊಡ್ಡವ್ವ ಅದನ್ನು ಕಿತ್ತು ಅಂಗೈಯಲ್ಲಿಟ್ಟು ಎಲ್ಲರಿಗೂ ತೋರಿಸಿದಳು. ಹೆಬ್ಬೆರಳಿನಷ್ಟು ಉದ್ದ.

"ಯಾವಾಗ ಹೊಕ್ಕತೋ ಏನೋ" ಎಂದಳು ಅವ್ವ. "ನನಗೇನೂ ಗೊತ್ತಾಗಲಿಲ್ಲ." ಈ ಸಲ ನಗಲಿಲ್ಲ.

ಉಳಿದವರ ಕಾಲುಗಳೆಲ್ಲ ಚುಚ್ಚಿ, ಸುಟ್ಟು, ಕೆಂಪಾಗಿದ್ದವು. ಎಲ್ಲರಿಗೂ ನೋಯುತ್ತಿತ್ತು. ನೋಯುವುದು ಎಂಥ ಸುಖದ ವಿಷಯವೆಂದು ಅವತ್ತು ಟೆಂಪೋದಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಯಾರೂ ನರಳಲೂ ಇಲ್ಲ. ಬೇವಿನ ಗಿಡದ ಹಾದಿ ಹಿಡಿದು ಹೋಗಿ ಚಪ್ಪಲಿ ತಂದೆವು. ಸಾಲು ಹಾಗೇ ಇತ್ತು. ಹೊಳೆಗೆ ಬೆನ್ನು ಮಾಡಿ, ಊರ ಕಡೆ ಮುಖ ಮಾಡಿ ನಿಂತಿದ್ದವು. ಅವ್ವ ತನ್ನವನ್ನು ಮೆಟ್ಟಿದಳು. ಮನೆಯ ಹೊಸ್ತಿಲು ಬಂದಾಗ ರೂಢಿಯಂತೆ ಬಿಡಲು ಹೋದವಳು ಒಂದು ಕ್ಷಣ ನಿಂತಳು. ಬಿಡದೆ ಒಳಗೆ ಬಂದಳು.

ಮೊನ್ನೆ ಮತ್ತೆ ಗದುಗಿಗೆ ಹೋಗಿ ಬಂದೆವು. ಹೊಸ ಚೀಟಿ. ಪಡಸಾಲೆಯಲ್ಲಿ ಕುಳಿತು ಓದಲು ಶುರುಮಾಡಿದೆ. ಅವ್ವ ನನ್ನ ಬಾಜೂಕ ಕುಳಿತು ಕಾಗದವನ್ನು ತನ್ನ ಕಡೆಗೂ ಸ್ವಲ್ಪ ಎಳೆದುಕೊಂಡಳು.

"ತಡಿ" ಎಂದಳು. ತೋರುಬೆರಳನ್ನು ಮೇಲಿನಿಂದ ಕೆಳಗೆ ಒಂದೊಂದೇ ಸಾಲಿನ ಮೇಲೆ ಇಡುತ್ತ ಬಂದಳು. ಅವಳಿಗೆ ಅಕ್ಷರ ಬಾರದು, ಇಂಗ್ಲಿಷ್ ಅಂತೂ ದೂರ. ಆದರೆ ಸಾಲು ಸಾಲೇ, ಯಾವ ಭಾಷೆಯದಾದರೇನು. ಜೀವಮಾನವೆಲ್ಲ ಬೆಳೆಸಾಲು ಹಿಡಿದು ಕಳೆ ತೆಗೆದವಳಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ.

"ಹನ್ನೊಂದು ಅದಾವ. ಈಗ ಓದು."

ನಾನು ಓದಿದೆ. ಒಂದು ಸಾಲು ಮುಗಿದಾಗ ಅವಳ ಬೆರಳು ಒಂದು ಸಾಲು ಕೆಳಗಿಳಿಯುತ್ತಿತ್ತು. ಒಂಬತ್ತನೆಯ ಸಾಲು ಚಲೋ ಇರಲಿಲ್ಲ. ನಾನು ಉಸಿರು ತೆಗೆದುಕೊಂಡೆ. ಬೆರಳು ಅಲ್ಲೇ ನಿಂತು ಕಾಯುತ್ತಿತ್ತು.

ಓದಿದೆ. ಬೆರಳು ಹತ್ತಕ್ಕೆ ಇಳಿಯಿತು.